ತಕ್ಕಡಿಯನ್ನು ತೂಗುವುದು ಹೇಗೆ?

1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಎಂಜಿ, ಟ್ರಯಂಫ್, ಜಾಗ್ವಾರ್ ಕಾರುಗಳನ್ನು ಇಂದಿಗೂ ಓಡಿಸುವವರಿಗೆ ಒಂದು ತೊಂದರೆ ಚೆನ್ನಾಗಿ ಗೊತ್ತು. ಗಾಡಿ ಹೊರಟು ಸ್ವಲ್ಪ ಹೊತ್ತಿಗೆ ಟೆಂಪರೇಚರ್ ಗೇಜಿನ ಮುಳ್ಳು ಎಂದಿನ ಜಾಗ ಬಿಟ್ಟು ಮೇಲೇರುತ್ತದೆ. ಎಂಜಿನ್ ಕಾಯುತ್ತಿದೆ ಎಂದು ಗಾಬರಿಯಾಗುತ್ತದೆ. ರೇಡಿಯೇಟರ್ ತೊಳೆಸುತ್ತಾರೆ, ಥರ್ಮೋಸ್ಟಾಟ್ ಬದಲಿಸುತ್ತಾರೆ, ಕೊನೆಗೆ ನೀರಿನ ಪಂಪಿಗೂ ಕೈ ಹಾಕುತ್ತಾರೆ. ಮುಳ್ಳು ಮಾತ್ರ ಇಳಿಯುವುದಿಲ್ಲ. ಇಷ್ಟೆಲ್ಲದರ ನಡುವೆ ಕಣ್ಣೆದುರಿಗಿದ್ದೂ ಗಮನಕ್ಕೆ ಬಾರದ ಸಂಗತಿಯೊಂದಿರುತ್ತದೆ: ಪಕ್ಕದ ಪೆಟ್ರೋಲ್ ಗೇಜ್ ಕೂಡ ಟ್ಯಾಂಕಿನಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತಿರುತ್ತದೆ. ಪೆಟ್ರೋಲು ಸಾಕಷ್ಟಿದೆ ಎಂಬುದು ಒಳ್ಳೆಯ ಸುದ್ದಿ. ಒಳ್ಳೆಯ ಸುದ್ದಿಯನ್ನು ಯಾರೂ ಕೆದಕಿ ನೋಡುವುದಿಲ್ಲ.

ಎಂಜಿನ್ ಮುಂದಿದೆ, ಟ್ಯಾಂಕ್ ಹಿಂದಿದೆ. ಒಂದರ ಬಿಸಿಗೂ ಇನ್ನೊಂದರ ಮಟ್ಟಕ್ಕೂ ನಂಟಿಲ್ಲ. ಗೇಜುಗಳು ಬೇರೆ, ಅವಕ್ಕೆ ಸುದ್ದಿ ಕಳಿಸುವ ಸೆಂಡರುಗಳು ಬೇರೆ, ವೈರಿನ ಬಣ್ಣವೂ ಬೇರೆ. ಪೆಟ್ರೋಲಿನದು ಕಪ್ಪು ಗೆರೆಯ ಹಸಿರು, ಬಿಸಿಯದು ನೀಲಿ ಗೆರೆಯ ಹಸಿರು. ಹಾಗಿದ್ದೂ ಎರಡು ಮುಳ್ಳುಗಳು ಒಂದೇ ಹೊತ್ತಿಗೆ ಒಂದೇ ಕಡೆಗೆ ತಪ್ಪಿದರೆ ಅನುಭವಿ ಮೆಕ್ಯಾನಿಕ್ ಎಂಜಿನ್ನನ್ನೂ ಮುಟ್ಟುವುದಿಲ್ಲ, ಟ್ಯಾಂಕನ್ನೂ ಮುಟ್ಟುವುದಿಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ತಗಡಿನ ಡಬ್ಬಿಯೊಂದನ್ನು ಹುಡುಕುತ್ತಾನೆ.

ಆ ಡಬ್ಬಿಯ ಸುತ್ತ ತತ್ತ್ವಶಾಸ್ತ್ರದ ಬಹಳ ಹಳೆಯ ಪ್ರಶ್ನೆಯೊಂದು ಸುಳಿದಾಡುತ್ತದೆ. ಲೋಕದ ಸುದ್ದಿ ತಂದುಕೊಡುವ ಸಾಧನ ಸರಿಯಾಗಿದೆ ಎಂದು ತಿಳಿಯುವುದು ಯಾವುದರಿಂದ? ಇನ್ನೊಂದು ಸಾಧನದಿಂದ ಎಂದರೆ, ಅದು ಸರಿಯಾಗಿದೆ ಎನ್ನುವುದಕ್ಕೆ ಏನು ಆಧಾರ? ಹಲವು ಸಾಧನಗಳು ಒಂದೇ ಮಾತು ಹೇಳಿದರೆ ಅದು ಸತ್ಯವಾಗಿಬಿಡುತ್ತದೆಯೆ? ಭಾರತದ ದಾರ್ಶನಿಕರು ಪ್ರಾಮಾಣ್ಯವಾದ ಎಂಬ ಹೆಸರಿನಲ್ಲಿ ಇದನ್ನು ಸಾವಿರಕ್ಕೂ ಹೆಚ್ಚು ವರ್ಷ ಚರ್ಚಿಸಿದರು. ದೇವರಿದ್ದಾನೆಯೆ, ವೇದ ನಂಬತಕ್ಕದ್ದೆ, ಸತ್ತ ಮೇಲೆ ಏನಾದರೂ ಉಂಟೆ ಎಂಬ ದೊಡ್ಡ ಪ್ರಶ್ನೆಗಳೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಇಲ್ಲಿಯೇ.

ಮೊದಲು ಡಬ್ಬಿಯ ಕೆಲಸ ತಿಳಿಯಬೇಕು. ಹಿಂದಿನ ಬ್ರಿಟಿಷ್ ಕಾರುಗಳ ಪೆಟ್ರೋಲ್ ಗೇಜಿನಲ್ಲಿ ಎರಡು ಕಾಯಿಲ್‌ಗಳಿದ್ದು, ಅವೆರಡರ ಸೆಳೆತದ ನಡುವೆ ಕಬ್ಬಿಣದ ಚೂರೊಂದು ತಿರುಗುತ್ತಿತ್ತು. ಬ್ಯಾಟರಿಯ ವೋಲ್ಟೇಜ್ ಏರಿದರೆ ಎರಡು ಕಾಯಿಲ್‌ಗಳ ಬಲವೂ ಸರಿಸಮವಾಗಿ ಏರುತ್ತಿದ್ದುದರಿಂದ ಮುಳ್ಳು ಹೆಚ್ಚೇನೂ ಕದಲುತ್ತಿರಲಿಲ್ಲ. ಹೋಲಿಕೆ ಗೇಜಿನೊಳಗೇ ನಡೆಯುತ್ತಿತ್ತು. ಹೊರಗಿನ ಆಸರೆ ಬೇಕಿರಲಿಲ್ಲ. ಅದರ ಕಷ್ಟವೆಂದರೆ ಚುರುಕು ಜಾಸ್ತಿ. ತಿರುವಿನಲ್ಲಿ ಪೆಟ್ರೋಲ್ ತುಳುಕಿದರೆ ಮುಳ್ಳೂ ತುಳುಕುತ್ತಿತ್ತು. ಅರವತ್ತರ ದಶಕದಲ್ಲಿ ಸ್ಮಿತ್ಸ್ ಕಂಪನಿಯ ಹೊಸ ಬಗೆಯ ಗೇಜು ಹಲವು ಕಾರುಗಳಿಗೆ ಬಂತು. ಅದರೊಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿ, ಪಟ್ಟಿಗೆ ಸುತ್ತಿದ ತಂತಿ. ತಂತಿ ಕಾದಂತೆ ಪಟ್ಟಿ ಬಾಗುತ್ತದೆ, ಬಾಗಿದಂತೆ ಮುಳ್ಳು ಏರುತ್ತದೆ. ಕಾಯುವುದಕ್ಕೂ ಆರುವುದಕ್ಕೂ ಹೊತ್ತು ಬೇಕಾದ್ದರಿಂದ ಮುಳ್ಳು ನಿಧಾನ, ಗಂಭೀರ. ಆದರೆ ಶಾಖ ಹೆಚ್ಚುವುದಕ್ಕೆ ಟ್ಯಾಂಕಿನ ಮಟ್ಟವೇ ಕಾರಣವಾಗಬೇಕಿಲ್ಲ, ವೋಲ್ಟೇಜ್ ಏರಿದರೂ ಸಾಕು. ನಿಂತ ಗಾಡಿಯಲ್ಲಿ 12 ವೋಲ್ಟಿನ ಆಸುಪಾಸಿನಲ್ಲಿರುವ ವಿದ್ಯುತ್ತು ಎಂಜಿನ್ ಜೋರಾಗಿ ಓಡಿ ಬ್ಯಾಟರಿ ಚಾರ್ಜ್ ಆಗುವಾಗ 14ರವರೆಗೆ ಹೋಗುತ್ತದೆ. ಅಂದರೆ ಆಕ್ಸಿಲರೇಟರ್ ತುಳಿದರೆ ಪೆಟ್ರೋಲ್ ಹೆಚ್ಚಾದಂತೆ ಕಾಣಬೇಕು! ಇದನ್ನು ತಡೆಯಲೆಂದೇ ಈ ಬಗೆಯ ಎಲ್ಲ ಗೇಜುಗಳಿಗೂ ಸೇರಿಸಿ ಒಂದು ವೋಲ್ಟೇಜ್ ಸ್ಟೆಬಿಲೈಜರ್ ಇಟ್ಟರು. ಅದೇ ಆ ತಗಡಿನ ಡಬ್ಬಿ.

ಅದರೊಳಗೂ ಅಂಥದೇ ಲೋಹದ ಪಟ್ಟಿ, ಅಂಥದೇ ಕಾಯಿಲ್, ಜೊತೆಗೆ ಒಂದು ಜೋಡಿ ಪಾಯಿಂಟು. ಬಿ ಎಂಬ ಟರ್ಮಿನಲ್‌ಗೆ ಬ್ಯಾಟರಿಯ ವಿದ್ಯುತ್ತು ಬರುತ್ತದೆ, ಐ ಎಂಬುದರಿಂದ ತಿಳಿಹಸಿರು ವೈರಿನ ಮೂಲಕ ಗೇಜುಗಳಿಗೆ ಹೋಗುತ್ತದೆ. ಕಾಯಿಲಿನ ಇನ್ನೊಂದು ತುದಿ ಡಬ್ಬಿಯ ಮೈ ಮೂಲಕ ಗಾಡಿಯ ಬಾಡಿಗೆ, ಅಂದರೆ ಅರ್ಥಿಂಗಿಗೆ ಸೇರುತ್ತದೆ. ಪಾಯಿಂಟುಗಳು ಕೂಡಿದ್ದಾಗ ಕಾಯಿಲ್ ಕಾಯುತ್ತದೆ, ಪಟ್ಟಿ ಬಾಗುತ್ತದೆ, ಪಾಯಿಂಟುಗಳು ಬಿಡುತ್ತವೆ. ವಿದ್ಯುತ್ತು ನಿಂತು ಪಟ್ಟಿ ಆರಿದೊಡನೆ ಮತ್ತೆ ಕೂಡುತ್ತವೆ. ಎಂಜಿನ್ ಓಡುವಷ್ಟು ಹೊತ್ತೂ ಈ ಕೂಡುವುದು, ಬಿಡುವುದು ನಡೆದೇ ಇರುತ್ತದೆ. ಬ್ಯಾಟರಿಯ ವೋಲ್ಟೇಜ್ ಏರಿದರೆ ಕಾಯಿಲ್ ಬೇಗ ಕಾಯುತ್ತದೆ, ಪಾಯಿಂಟುಗಳು ಬೇಗ ಬಿಡುತ್ತವೆ. ಗೇಜಿಗೆ ತಲುಪುವ ಒಟ್ಟು ಶಾಖ ಮಾತ್ರ ಸ್ಥಿರವಾದ 10 ವೋಲ್ಟ್ ಕೊಟ್ಟಷ್ಟೇ ಉಳಿಯುತ್ತದೆ. ಅಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಕೆಲಸ ಮಾಡಿಸಿದ ಇಂಜಿನಿಯರುಗಳ ಜಾಣ್ಮೆಯನ್ನು ಮೆಚ್ಚಲೇಬೇಕು. ಹಳೆಯ ಬ್ರಿಟಿಷ್ ಕಾರುಗಳ ವಿದ್ಯುತ್ ವ್ಯವಸ್ಥೆಯನ್ನು ಹೀಗಳೆಯುವ ಮಾತುಗಳು ಬಹಳ ಚಾಲ್ತಿಯಲ್ಲಿವೆ. ಈ ಡಬ್ಬಿಯ ಮಟ್ಟಿಗಂತೂ ಅವು ಅನ್ಯಾಯದ ಮಾತು.

ಇಲ್ಲೊಂದು ಸೂಕ್ಷ್ಮವಿದೆ. ಈ ಸ್ಟೆಬಿಲೈಜರಿನಿಂದ 10 ವೋಲ್ಟ್ ಎಂಬುದು ಯಾವ ಕ್ಷಣದಲ್ಲೂ ಹೊರಬರುವುದಿಲ್ಲ. ಒಂದು ಗಳಿಗೆ ಪೂರ್ತಿ 12, ಇನ್ನೊಂದು ಗಳಿಗೆ ಸೊನ್ನೆ. ಐ ಟರ್ಮಿನಲ್‌ಗೆ ಡಿಜಿಟಲ್ ಮಲ್ಟಿಮೀಟರ್ ಹಿಡಿದರೆ ಅಂಕಿಗಳು ಎಲ್ಲೂ ನಿಲ್ಲದೆ ಕುಣಿಯುತ್ತವೆ. ಗೊತ್ತಿಲ್ಲದವರು ಅದನ್ನು ನೋಡಿ, ಡಬ್ಬಿ ಕೆಟ್ಟಿದೆ ಎಂದು ತೀರ್ಪು ಕೊಟ್ಟು ಸರಿಯಿರುವುದನ್ನೇ ಕಿತ್ತು ಎಸೆಯುತ್ತಾರೆ. ಆ ಮಿಡಿತದಿಂದ 10 ವೋಲ್ಟಿನ ಅರ್ಥ ತೆಗೆಯಬಲ್ಲದ್ದು ನಿಧಾನವಾಗಿ ಕಾಯುವ ಗೇಜು ಮಾತ್ರ. ಚುರುಕಾದ ಮೀಟರಿಗೆ ಅದು ಗೊಂದಲವಾಗಿ ಕಾಣುತ್ತದೆ. ಪರೀಕ್ಷಿಸುವ ಸಾಧನ ಹೆಚ್ಚು ನಿಖರವಾಗಿದ್ದರೆ ಸಾಲದು, ಪರೀಕ್ಷೆಗೆ ಒಳಗಾದ ವಸ್ತುವಿಗೆ ತಕ್ಕುದಾಗಿಯೂ ಇರಬೇಕು. ಧರ್ಮದ ಮಾತುಗಳನ್ನು ಪ್ರಯೋಗಶಾಲೆಯ ಮಾಪಕದಿಂದ ಅಳೆಯಹೊರಡುವವರೂ, ಭೂಗೋಳದ ಪ್ರಶ್ನೆಗೆ ಪುರಾಣದಲ್ಲಿ ಉತ್ತರ ಹುಡುಕುವವರೂ ಇದನ್ನು ನೆನೆಯುವುದು ಒಳ್ಳೆಯದು.

ಕೆಡುಕನ್ನು ಪತ್ತೆ ಮಾಡುವ ಕ್ರಮ ಹೀಗೆ. ಎರಡೂ ಮುಳ್ಳುಗಳು ಹೆಚ್ಚು ತೋರಿಸಿದರೆ ಸ್ಟೆಬಿಲೈಜರಿನ ಅರ್ಥಿಂಗ್ ತಪ್ಪಿದೆ, ಇಲ್ಲವೇ ಪಾಯಿಂಟುಗಳು ಅಂಟಿಕೊಂಡಿವೆ. ಡಬ್ಬಿಯನ್ನು ಬಾಡಿಗೆ ಬಿಗಿಯುವ ಒಂದು ಸ್ಕ್ರೂ ತುಕ್ಕು ಹಿಡಿದರೆ ಅಥವಾ ಅದರ ಕೆಳಗೆ ಹೊಸ ಪೇಂಟ್ ಸೇರಿಕೊಂಡರೆ ಕಾಯಿಲಿನ ದಾರಿ ಕಡಿಯುತ್ತದೆ; ಪಟ್ಟಿ ಕಾಯುವುದೇ ಇಲ್ಲ, ಪಾಯಿಂಟು ಬಿಡುವುದೇ ಇಲ್ಲ, ಬ್ಯಾಟರಿಯ ಪೂರ್ತಿ ವೋಲ್ಟೇಜ್ ಗೇಜುಗಳಿಗೆ ನುಗ್ಗುತ್ತದೆ. ಎರಡೂ ಸೊನ್ನೆಯಲ್ಲಿ ಮಲಗಿದ್ದರೆ ಇಂಡಿಕೇಟರ್, ಬ್ರೇಕ್ ಲೈಟು ಉರಿಯುತ್ತಿವೆಯೆ ಎಂದು ನೋಡಬೇಕು. ಅವೂ ಸತ್ತಿದ್ದರೆ ಫ್ಯೂಸು. ಅವು ಉರಿಯುತ್ತಿದ್ದರೆ ಸ್ಟೆಬಿಲೈಜರ್. ಒಂದೇ ಮುಳ್ಳು ತಪ್ಪಿದರೆ ಮಾತ್ರ ಆ ಗೇಜು, ಅದರ ವೈರು, ಅದರ ಸೆಂಡರಿನ ಕಡೆ ತಿರುಗಬೇಕು. ಈ ಬಗೆಯ ಪೆಟ್ರೋಲ್ ಸೆಂಡರಿನ ರೆಸಿಸ್ಟೆನ್ಸ್ ಟ್ಯಾಂಕ್ ತುಂಬಿದಾಗ ಸುಮಾರು 20 ಓಮ್, ಖಾಲಿಯಾದಾಗ ಸುಮಾರು 240 ಓಮ್. ಸೆಂಡರನ್ನು ಬಿಚ್ಚಿ ಅದರ ಜಾಗದಲ್ಲಿ ಸುಮಾರು 70 ಓಮಿನ ರೆಸಿಸ್ಟರ್ ಹಾಕಿದರೆ ಮುಳ್ಳು ಅರ್ಧದ ಹತ್ತಿರ ನಿಲ್ಲಬೇಕು. ನಿಂತರೆ ಗೇಜು ಸರಿ, ದೋಷ ಟ್ಯಾಂಕಿನ ಕಡೆಯದು. ಬ್ಯಾಟರಿಯನ್ನು ನೇರವಾಗಿ ಗೇಜಿಗೆ ಕೊಟ್ಟು ನೋಡುವ ಆತುರ ಮಾತ್ರ ಕೂಡದು. ಒಳಗಿನ ತಂತಿ ಸುಟ್ಟುಹೋಗುತ್ತದೆ.

ಸಾಕ್ಷಿಗಳು ಒಟ್ಟಿಗೆ ತಪ್ಪುತ್ತಿದ್ದಾರೋ ಬೇರೆ ಬೇರೆಯಾಗಿಯೋ ಎಂಬುದು ಈ ಇಡೀ ಕ್ರಮದ ಮೊದಲ ಪ್ರಶ್ನೆ.

ಇನ್ನು ದಾರ್ಶನಿಕರ ಕಡೆಗೆ. ಸುಮಾರು ಎರಡನೇ ಶತಮಾನದ ಬೌದ್ಧ ಚಿಂತಕ ನಾಗಾರ್ಜುನ 'ವಿಗ್ರಹವ್ಯಾವರ್ತನೀ'ಯಲ್ಲಿ ಪ್ರಮಾಣವಾದಿಗಳನ್ನು ಇಕ್ಕಟ್ಟಿಗೆ ಸಿಕ್ಕಿಸಿದ. ವಸ್ತುಗಳನ್ನು ಪ್ರಮಾಣಗಳಿಂದ, ಅಂದರೆ ಅರಿವಿನ ಸಾಧನಗಳಿಂದ, ತಿಳಿಯುವುದಾದರೆ ಪ್ರಮಾಣಗಳನ್ನು ಯಾವುದರಿಂದ ತಿಳಿಯುತ್ತೀರಿ? ಇನ್ನೊಂದು ಪ್ರಮಾಣದಿಂದ ಎಂದರೆ ಅದಕ್ಕೆ ಮತ್ತೊಂದು, ಅದಕ್ಕೆ ಮಗದೊಂದು, ಕೊನೆಯೇ ಇಲ್ಲ. ಗೌತಮನ ನ್ಯಾಯಸೂತ್ರ ಇಂಥ ಆಕ್ಷೇಪಕ್ಕೆ ಸಂತೆಯ ಉದಾಹರಣೆಯೊಂದರಿಂದ ಉತ್ತರಿಸುತ್ತದೆ. ತಕ್ಕಡಿ ಚಿನ್ನವನ್ನು ತೂಗುತ್ತದೆ. ತಕ್ಕಡಿಯ ಮೇಲೇ ಅನುಮಾನ ಬಂದಾಗ, ತೂಕ ಗೊತ್ತಿರುವ ಚಿನ್ನವನ್ನಿಟ್ಟು ತಕ್ಕಡಿಯನ್ನೇ ಪರೀಕ್ಷಿಸುತ್ತಾರೆ. ಒಂದೇ ವಸ್ತು ಒಂದು ಸಂದರ್ಭದಲ್ಲಿ ಪ್ರಮಾಣ, ಇನ್ನೊಂದು ಸಂದರ್ಭದಲ್ಲಿ ಪ್ರಮೇಯ, ಅಂದರೆ ಅರಿಯಬೇಕಾದ ವಸ್ತು. ರಸ್ತೆಯಲ್ಲಿ ಓಡುವಾಗ ಗೇಜು ಪ್ರಮಾಣ, 70 ಓಮಿನ ರೆಸಿಸ್ಟರ್ ಜೋಡಿಸಿದಾಗ ಅದು ಪ್ರಮೇಯ. ಎಲ್ಲವನ್ನೂ ಒಂದೇ ಸಲಕ್ಕೆ ಸಾಬೀತು ಮಾಡಿ ಎನ್ನುವ ಹಟಕ್ಕೆ ನ್ಯಾಯದರ್ಶನದವರಾದ ನೈಯಾಯಿಕರು ಬಗ್ಗಲಿಲ್ಲ. ಯಾವುದರ ಮೇಲೆ ಸಂಶಯವಿದೆಯೋ ಅದನ್ನು, ಸಂಶಯವಿಲ್ಲದ್ದರಿಂದ ಪರೀಕ್ಷಿಸಬೇಕು. ನಾಗಾರ್ಜುನನ ಪ್ರಶ್ನೆ ಇದರಿಂದ ಪೂರ್ತಿ ಮಾಯವಾಗುವುದಿಲ್ಲ ನಿಜ. ಆದರೆ ವರ್ಕ್‌ಶಾಪು ಬಾಗಿಲು ಮುಚ್ಚಬೇಕಾಗಿಯೂ ಇಲ್ಲ.

ಯುರೋಪಿನಲ್ಲಿ ಇದೇ ಕಷ್ಟ ಥರ್ಮಾಮೀಟರಿನ ರೂಪದಲ್ಲಿ ಎದುರಾಯಿತು. ನೀರು ಕುದಿಯುವ ಬಿಸಿ ಎಲ್ಲಿಯೂ ಎಂದಿಗೂ ಒಂದೇ ಎಂದು ನಂಬಿ ಅದನ್ನು ಅಳತೆಯ ಗುರುತಾಗಿ ಹಿಡಿದಿದ್ದರು. ಗುರುತೇ ಕದಲುತ್ತಿದೆ ಎಂದು ಗೊತ್ತಾದಾಗ ಲಂಡನ್ನಿನ ರಾಯಲ್ ಸೊಸೈಟಿ 1776ರಲ್ಲಿ ಹೆನ್ರಿ ಕ್ಯಾವೆಂಡಿಶ್ ನೇತೃತ್ವದಲ್ಲಿ ಏಳು ಜನರ ಸಮಿತಿಯನ್ನೇ ನೇಮಿಸಬೇಕಾಯಿತು. ಕುದಿಯುವ ನೀರಿಗಿಂತ ಅದರ ಹಬೆ ಹೆಚ್ಚು ಸ್ಥಿರ ಎಂದು ಸಮಿತಿ ಕಂಡುಕೊಂಡಿತು. ಟೆಂಪರೇಚರ್ ಸೆಂಡರನ್ನು ಕುದಿಯುವ ನೀರಿಗಿಳಿಸಿ ಪರೀಕ್ಷಿಸುವವರಿಗೆ ಗುರುತು ಕದಲುತ್ತದೆ ಎಂಬುದು ಇಂದಿಗೂ ಬೇಕಾದ ಮಾತು: ಸಮುದ್ರಮಟ್ಟದಲ್ಲಿರುವ ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ರ ಹತ್ತಿರವೇ ಕುದಿಯುತ್ತದೆ.

ಮೀಮಾಂಸಕರು ಹಿಡಿದ ದಾರಿ ಬೇರೆ. ಏಳನೇ ಶತಮಾನದ ಕುಮಾರಿಲ ಭಟ್ಟನ ಪ್ರಕಾರ ಜ್ಞಾನದ ಪ್ರಾಮಾಣ್ಯ ಸ್ವತಃಸಿದ್ಧ. ಕಂಡದ್ದನ್ನು ಮೊದಲು ನಂಬಬೇಕು, ನಂಬಿಕೆಗೆ ಅಪ್ಪಣೆಚೀಟಿ ಬೇಕಿಲ್ಲ. ನಂಬಿಕೆಯನ್ನು ಕೆಳಗಿಳಿಸುವುದಕ್ಕೆ ಮಾತ್ರ ಕಾರಣ ಬೇಕು, ಅಂಥ ಕಾರಣ ಎರಡೇ ಬಗೆಯದು. ಕಂಡದ್ದಕ್ಕೆ ಎದುರಾದ ಇನ್ನೊಂದು ಅರಿವು ಹುಟ್ಟುವುದು ಒಂದು. ಅರಿವನ್ನು ಹುಟ್ಟಿಸಿದ ಕಾರಣದಲ್ಲೇ ದೋಷವಿದೆ ಎಂದು ತಿಳಿಯುವುದು ಇನ್ನೊಂದು. ಬೆಳ್ಳಿ ಎಂದುಕೊಂಡದ್ದನ್ನು ಹತ್ತಿರ ಹೋಗಿ ನೋಡಿ, ಇದು ಕಪ್ಪೆಚಿಪ್ಪು ಎಂದು ಅರಿಯುವುದು ಮೊದಲನೆಯದು. ಬಿಳಿಯ ಶಂಖ ಹಳದಿಯಾಗಿ ಕಂಡಾಗ, ಕಣ್ಣಿಗೆ ಕಾಮಾಲೆ ತಗಲಿದೆ ಎಂದು ತಿಳಿಯುವುದು ಎರಡನೆಯದು.

ಈ ಎರಡನೆಯ ಬಗೆಯ ಮೇಲೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬುದು ಕನ್ನಡದ ಮನೆಮಾತು. ಶಂಖವೂ ಹಳದಿ, ಗೋಡೆಯೂ ಹಳದಿ, ಅನ್ನವೂ ಹಳದಿ. ರೋಗಿಗೆ ಸಿಗುವ ಸಾಕ್ಷ್ಯಗಳಲ್ಲಿ ಒಂದಕ್ಕೊಂದು ವಿರೋಧವೇ ಇಲ್ಲ. ಎಷ್ಟು ವಸ್ತುಗಳನ್ನು ನೋಡಿದರೂ ಅಷ್ಟೂ ಒಂದನ್ನೊಂದು ಬೆಂಬಲಿಸುತ್ತವೆ. ಕಪ್ಪೆಚಿಪ್ಪಿನ ಭ್ರಮೆ ಇನ್ನೊಮ್ಮೆ ನೋಡಿದರೆ ಹರಿಯುತ್ತದೆ, ಕಾಮಾಲೆಯ ಭ್ರಮೆ ನೂರು ಸಲ ನೋಡಿದರೂ ಹರಿಯುವುದಿಲ್ಲ. ಅರ್ಥಿಂಗ್ ತಪ್ಪಿದ ಸ್ಟೆಬಿಲೈಜರಿನದು ಈ ಎರಡನೆಯ ಜಾತಿಯ ದೋಷ. ಟ್ಯಾಂಕಿಗೆ ಕೋಲು ಇಳಿಸಿ ಪೆಟ್ರೋಲಿನ ಮಟ್ಟ ನೋಡುವುದು ಎದುರಾದ ಅರಿವು. ಸ್ಕ್ರೂ ತುಕ್ಕು ಹಿಡಿದಿದೆ ಎಂದು ಕಾಣುವುದು ಕಾರಣದೋಷದ ಅರಿವು. ಹಾಗಾದರೆ ಪರೀಕ್ಷೆಗೆ ಪರೀಕ್ಷೆ ಎಂದು ಎಲ್ಲಿಯವರೆಗೆ ಹೋಗುವುದು? ಕುಮಾರಿಲ ಇದಕ್ಕೂ ಮಿತಿ ಹಾಕಿದ್ದಾನೆ. ಮೂರು ನಾಲ್ಕು ಅರಿವುಗಳಿಗಿಂತ ಮುಂದೆ ಹೋಗಬೇಕಾಗುವುದಿಲ್ಲ ಎಂಬುದು ಅವನ ಅಭಿಪ್ರಾಯ. ಸಂಶಯಕ್ಕೆ ಕಾರಣ ತೋರಿಸಲಾಗದ ಕಡೆ ಸಂಶಯಪಡುವುದು ಅವನ ದೃಷ್ಟಿಯಲ್ಲಿ ವಿವೇಕವಲ್ಲ.

ನೈಯಾಯಿಕರು ಒಪ್ಪಲಿಲ್ಲ. ಪ್ರಾಮಾಣ್ಯ ಗೊತ್ತಾಗುವುದು ಫಲದಿಂದ ಎಂದರು. ದೂರದಲ್ಲಿ ಕಂಡದ್ದು ನೀರೋ ಬಿಸಿಲ್ಗುದುರೆಯೋ ಎಂಬುದು ಹೋಗಿ ಕುಡಿದು ಬಾಯಾರಿಕೆ ಹಿಂಗಿದಾಗ ಖಚಿತ. ಹತ್ತು, ಹನ್ನೊಂದನೇ ಶತಮಾನದ ಉದಯನ ಸಂಶಯಕ್ಕೂ ಒಂದು ಗಡಿ ಹಾಕಿದ: ಯಾವ ಸಂಶಯ ಸ್ವಂತ ನಡೆವಳಿಕೆಗೇ ವಿರುದ್ಧವಾಗುತ್ತದೋ ಅಲ್ಲಿಗೆ ಅದು ನಿಲ್ಲಬೇಕು. ಹಸಿವಿಗೆ ಊಟ ಮಾಡುವವನು ಊಟದಿಂದ ಹಸಿವು ಹಿಂಗೀತೇ ಎಂದು ವಾದಕ್ಕಿಳಿಯುವುದು ಸಲ್ಲದು.

ಫಲದ ಪರೀಕ್ಷೆಗೆ ಒಂದು ಕೊರತೆಯಿದೆ, ಅದು ಸಣ್ಣದಲ್ಲ. ಕೆಲವೊಮ್ಮೆ ಫಲ ತೀರ ತಡವಾಗಿ ಬರುತ್ತದೆ. ಹೆಚ್ಚು ತೋರಿಸುವ ಪೆಟ್ರೋಲ್ ಗೇಜಿನ ಸುಳ್ಳು ಬಯಲಾಗುವುದು ಗಾಡಿ ನಡುದಾರಿಯಲ್ಲಿ ನಿಂತಾಗ. ವಿಮಾನದಲ್ಲಿ ಅಷ್ಟು ಹೊತ್ತು ಕಾಯುವ ಅವಕಾಶವೂ ಇರುವುದಿಲ್ಲ.

1996ರ ಅಕ್ಟೋಬರ್ 2ರ ನಡುರಾತ್ರಿ ಪೆರು ದೇಶದ ಲಿಮಾದಿಂದ ಚಿಲಿಯ ಸ್ಯಾಂಟಿಯಾಗೊಗೆ ಏರೋಪೆರು ಕಂಪನಿಯ 603ನೇ ಸಂಖ್ಯೆಯ ವಿಮಾನ ಹೊರಟಿತು. ಬೋಯಿಂಗ್ 757, ಒಳಗೆ 70 ಜನ. ವಿಮಾನದ ಎತ್ತರ, ವೇಗ ಎರಡನ್ನೂ ಲೆಕ್ಕ ಹಾಕಲು ಹೊರಗಿನ ಗಾಳಿಯ ಒತ್ತಡ ತಿಳಿಯಬೇಕು. ಅದಕ್ಕಾಗಿ ಮೈಮೇಲೆ ಸ್ಟ್ಯಾಟಿಕ್ ಪೋರ್ಟ್ ಎಂಬ ಸಣ್ಣ ರಂಧ್ರಗಳಿರುತ್ತವೆ. ವಿಮಾನವನ್ನು ಶುಚಿ ಮಾಡುವಾಗ ಅವಕ್ಕೆ ಅಂಟಿಸಿದ್ದ ಟೇಪನ್ನು ತೆಗೆಯುವುದು ಉಳಿದುಹೋಗಿತ್ತು. ಹಾರಿದ ಕೂಡಲೇ ಎತ್ತರ, ವೇಗದ ಮಾಪಕಗಳು ದಿಕ್ಕುಗೆಟ್ಟವು. ವೇಗ ಮಿತಿಮೀರಿದೆ ಎಂಬ ಎಚ್ಚರಿಕೆಯೂ ವೇಗ ಸಾಲದು ಎಂಬ ಎಚ್ಚರಿಕೆಯೂ ಒಟ್ಟಿಗೆ ಮೊಳಗಿದವು. ಕೆಳಗೆ ಕತ್ತಲೆಯ ಸಮುದ್ರ, ಕಣ್ಣಿಗೆ ಆಧಾರವಿಲ್ಲ. ಪೈಲಟ್‌ಗಳು ಮಾಡಬೇಕಾದದ್ದನ್ನೇ ಮಾಡಿದರು: ಹೊರಗಿನ ಸಾಕ್ಷಿಯನ್ನು ಕೇಳಿದರು. ಲಿಮಾದ ಕಂಟ್ರೋಲ್ ಟವರ್ ತನ್ನ ಪರದೆ ನೋಡಿ ಎತ್ತರ ಹೇಳಿತು. ಅದು ಕಾಕ್‌ಪಿಟ್ಟಿನ ಮಾಪಕಕ್ಕೆ ಹೊಂದಿಕೆಯಾಯಿತು. ಸುಮಾರು 9,700 ಅಡಿ ಎತ್ತರದಲ್ಲಿದ್ದೇವೆ ಎಂದು ಅವರು ನಂಬಿದ್ದಾಗ ರೆಕ್ಕೆ ನೀರಿಗೆ ತಾಗಿತು. ಒಬ್ಬರೂ ಉಳಿಯಲಿಲ್ಲ.

ಟವರಿನ ಪರದೆ ಎತ್ತರವನ್ನು ತಾನಾಗಿ ಅಳೆದಿರಲಿಲ್ಲ. ವಿಮಾನದ ಟ್ರಾನ್ಸ್‌ಪಾಂಡರ್ ಕಳಿಸಿದ ಅಂಕಿಯನ್ನೇ ತೋರಿಸುತ್ತಿತ್ತು, ಆ ಅಂಕಿ ಬಂದದ್ದು ಅದೇ ಮುಚ್ಚಿದ ರಂಧ್ರಗಳಿಂದ. ಎರಡು ಸಾಕ್ಷಿಗಳು ಒಂದೇ ಮಾತು ಹೇಳಿದಂತೆ ಕಂಡಿತು. ಇದ್ದದ್ದು ಒಂದೇ ಸಾಕ್ಷಿ, ಎರಡು ಬಾಯಿ. ಇನ್ನೂ ಸಂಕಟದ ಸಂಗತಿಯೆಂದರೆ, ನಿಜ ಹೇಳುವ ಸಾಧನವೊಂದು ಅಲ್ಲೇ ಇತ್ತು. ನೆಲ ಹತ್ತಿರವಾಗುತ್ತಿದೆ ಎಂದು ಎಚ್ಚರಿಸುವ ಯಂತ್ರ ಗಾಳಿಯ ಒತ್ತಡವನ್ನು ನೆಚ್ಚಿಕೊಳ್ಳದೆ ಕೆಳಕ್ಕೆ ರೇಡಿಯೋ ಅಲೆ ಕಳಿಸಿ ಅಳೆಯುತ್ತದೆ. ಅದು ಕೂಗುತ್ತಲೇ ಇತ್ತು. ಸುಳ್ಳು ಎಚ್ಚರಿಕೆಗಳ ಗದ್ದಲದಲ್ಲಿ, ಟವರ್ ಖಚಿತಪಡಿಸಿದ ಎತ್ತರದ ಎದುರಿನಲ್ಲಿ ಆ ಕೂಗನ್ನು ನಂಬುವುದು ಪೈಲಟ್‌ಗಳಿಗೆ ಸಾಧ್ಯವಾಗಲಿಲ್ಲ. ಅವರನ್ನು ದೂರುವುದು ಸುಲಭ, ನ್ಯಾಯವಲ್ಲ.

ಹಳೆಯ ಕಾರಿನಲ್ಲೂ ಇಂಥ ಸ್ವತಂತ್ರ ಸಾಕ್ಷಿ ಇರುವುದುಂಟು. ಎಂಜಿಬಿಯ ಹಲವು ಮಾದರಿಗಳಲ್ಲಿ ಆಯಿಲ್ ಪ್ರೆಶರ್ ಗೇಜಿಗೆ ವಿದ್ಯುತ್ತಿನ ಹಂಗಿಲ್ಲ. ಎಂಜಿನ್ನಿನಿಂದ ಬಂದ ಸಣ್ಣ ಪೈಪಿನ ಒತ್ತಡವೇ ಮುಳ್ಳನ್ನು ತಿರುಗಿಸುತ್ತದೆ. ಕೆಲವು ಕಾರುಗಳ ಟೆಂಪರೇಚರ್ ಗೇಜೂ ಸಪೂರ ಕೊಳವೆಯೊಳಗಿನ ಆವಿಯ ಒತ್ತಡದಿಂದ ನಡೆಯುತ್ತದೆ. ಇವು ಸ್ಟೆಬಿಲೈಜರಿನ ಮಾತಿಗೆ ತಲೆದೂಗುವಂಥವಲ್ಲ. ಇವುಗಳ ಒಂದು ಮಾತು ವಿದ್ಯುತ್ ಗೇಜುಗಳ ಹತ್ತು ಮಾತಿಗಿಂತ ಹೆಚ್ಚು ತೂಗುತ್ತದೆ.

ಧರ್ಮದ ವಿಷಯಕ್ಕೆ ಬರುವಾಗ ನ್ಯಾಯಸೂತ್ರದ ಇನ್ನೊಂದು ವಾದವನ್ನು ನೋಡಬೇಕು. ಸ್ವರ್ಗ, ಪುಣ್ಯದಂಥ ಕಾಣದ ಫಲಗಳ ಬಗ್ಗೆ ವೇದ ಹೇಳುವುದನ್ನು ನಂಬುವುದು ಹೇಗೆ? ಆ ಫಲವನ್ನು ಇಲ್ಲಿ ಕುಳಿತು ಪರೀಕ್ಷಿಸುವಂತಿಲ್ಲ. ಗೌತಮ ಹೇಳುವುದು: ಮಂತ್ರ ಮತ್ತು ಆಯುರ್ವೇದದ ಫಲವನ್ನು ಇಲ್ಲೇ ಕಾಣಬಹುದು, ಔಷಧ ಕೊಟ್ಟರೆ ಕಾಯಿಲೆ ವಾಸಿಯಾಗುತ್ತದೆ. ಅದನ್ನು ಹೇಳಿದ ಆಪ್ತನೇ, ಅಂದರೆ ನಂಬಲರ್ಹ ವ್ಯಕ್ತಿಯೇ, ಇದನ್ನೂ ಹೇಳಿರುವುದರಿಂದ ಇದೂ ನಂಬತಕ್ಕದ್ದು. ವೇದಕ್ಕೆ ಕರ್ತೃವೇ ಇಲ್ಲ, ಹಾಗಾಗಿ ಕರ್ತೃವಿನ ದೋಷವೂ ಇಲ್ಲ ಎಂಬ ಮೀಮಾಂಸಕರ ನಿಲುವಿಗಿಂತ ಇದು ಬಹಳ ಬೇರೆ. ನೈಯಾಯಿಕರ ವಾದ ನಿಂತಿರುವುದು ಮೂಲ ಒಂದೇ ಎಂಬುದರ ಮೇಲೆ. ಮೂಲ ಒಂದಾದರೆ ಒಂದು ಕಡೆ ಕಂಡ ವಿಶ್ವಾಸ ಇನ್ನೊಂದು ಕಡೆಗೂ ಹರಿಯುತ್ತದೆ. ಇದು ಮೆಕ್ಯಾನಿಕ್ ಮಾಡುವ ಊಹೆಯ ತಿರುಗಿದ ರೂಪ: ಅವನು ಮೂಲ ಒಂದಾದ್ದರಿಂದ ದೋಷ ಎರಡೂ ಕಡೆ ಹರಿದಿದೆ ಎನ್ನುತ್ತಾನೆ. ಊಹೆಯ ರಚನೆ ಒಂದೇ, ಹಾಗಾಗಿ ಎರಡರ ಬಲವೂ ಒಂದೇ ಕಡೆಯಿಂದ ಬರಬೇಕು, ಮೂಲ ನಿಜವಾಗಿ ಒಂದೇ ಎಂಬುದನ್ನು ತೋರಿಸುವುದರಿಂದ. ಆಯುರ್ವೇದದ ಅನುಭವಿಗಳು ಬೇರೆ, ಸ್ವರ್ಗದ ಮಾತು ಹೇಳಿದವರು ಬೇರೆ ಎಂದು ಯಾರಾದರೂ ತೋರಿಸಿದರೆ ಗೌತಮನ ಸೇತುವೆ ಅಲ್ಲಿ ಮುರಿಯುತ್ತದೆ.

ಇಂದಿನ ಪ್ರವಚನಗಳಲ್ಲಿ ಹೆಚ್ಚು ಕೇಳಿಬರುವ ವಾದ ಬೇರೊಂದು: ಎಲ್ಲ ಕಾಲದ, ಎಲ್ಲ ದೇಶದ ಸಂತರು ಒಂದೇ ಮಾತು ಹೇಳಿದ್ದಾರೆ, ಆದ್ದರಿಂದ ಅದು ಸತ್ಯ. ಇದು ಹೊಸದಲ್ಲ. ರೋಮಿನ ಸಿಸೆರೊ ದೇವತೆಗಳ ಸ್ವರೂಪದ ಬಗ್ಗೆ ಬರೆದ ಗ್ರಂಥದಲ್ಲಿ ಒಂದು ಪಾತ್ರ ಎಲ್ಲ ಜನಾಂಗಗಳ ಒಮ್ಮತವನ್ನು ದೇವರಿಗೆ ಸಾಕ್ಷಿಯಾಗಿ ತರುತ್ತದೆ, ಇನ್ನೊಂದು ಪಾತ್ರ ಎಲ್ಲ ಜನಾಂಗಗಳ ಅಭಿಪ್ರಾಯ ನಿಮಗೆ ಗೊತ್ತಾದದ್ದು ಹೇಗೆ ಎಂದು ತಡೆಯುತ್ತದೆ. ಇನ್ನೊಂದು ಪಕ್ಷದವರು ಇದೇ ಒಮ್ಮತವನ್ನು ತಿರುಗಿಸಿ ಹಿಡಿಯುತ್ತಾರೆ: ಎಲ್ಲರ ಮಿದುಳೂ ಒಂದೇ ಬಗೆಯದು, ಎಲ್ಲರಿಗೂ ಸಾವಿನ ಭಯವಿದೆ, ಅದೇ ಎಲ್ಲರಲ್ಲೂ ಒಂದೇ ಮಾತು ಆಡಿಸುತ್ತದೆ, ಆದ್ದರಿಂದ ಅದು ಸುಳ್ಳು. ಇಬ್ಬರೂ ಎಡವುವುದು ಒಂದೇ ಮೆಟ್ಟಿಲಲ್ಲಿ. ಒಮ್ಮತಕ್ಕೆ ಸಮಾನ ಮೂಲವಿದ್ದರೆ ಅನೇಕರ ಸಾಕ್ಷ್ಯ ಒಬ್ಬರ ಸಾಕ್ಷ್ಯದಷ್ಟೇ ತೂಗುತ್ತದೆ ಎಂಬುದು ನಿಜ. ಆದರೆ ಸಮಾನ ಮೂಲವಿದ್ದ ಮಾತ್ರಕ್ಕೆ ಸಾಕ್ಷ್ಯ ಸುಳ್ಳಾಗುವುದಿಲ್ಲ. ಸರಿಯಾಗಿ ಕೆಲಸ ಮಾಡುವ ಕಾರಿನಲ್ಲೂ ಎರಡು ಗೇಜುಗಳಿಗೆ ಒಂದೇ ಸ್ಟೆಬಿಲೈಜರ್, ಎರಡೂ ನಿಜವನ್ನೇ ಹೇಳುವುದು ಅದರ ದೆಸೆಯಿಂದಲೇ. ಒಂದೇ ಮೂಲ ಎಂದು ಗೊತ್ತಾದಾಗ ತಿಳಿಯುವುದು ಇಷ್ಟು: ಇನ್ನು ಪರೀಕ್ಷಿಸಬೇಕಾದದ್ದು ಕವಲುಗಳನ್ನಲ್ಲ, ಬುಡವನ್ನು. ಮನುಷ್ಯನ ಮನಸ್ಸು ಎಂಬ ಆ ಬುಡ ಯಾವಾಗ ನಂಬಲರ್ಹ, ಯಾವಾಗ ಅಲ್ಲ ಎಂಬ ಕೆಲಸ ಆಸ್ತಿಕನಿಗೂ ನಾಸ್ತಿಕನಿಗೂ ಸಮನಾಗಿ ಬಾಕಿಯಿದೆ.

ಈ ಕೆಲಸದಲ್ಲಿ ಅತ್ಯಂತ ದೂರ ಹೋದವರು ಕನ್ನಡ ನೆಲದವರು ಎನ್ನುವುದು ಅತಿಶಯೋಕ್ತಿಯಲ್ಲ. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಪ್ರಾಮಾಣ್ಯವನ್ನು ಗ್ರಹಿಸುವುದು ಪ್ರತಿ ಜೀವನಲ್ಲೂ ಇರುವ, ಸಾಕ್ಷಿ ಎಂಬ ಒಳಗಿನ ಅರಿವು ಎಂದರು. ಅವರ ಪರಂಪರೆಯ ಜಯತೀರ್ಥರು 'ಪ್ರಮಾಣಪದ್ಧತಿ'ಯಲ್ಲಿ ಅದಕ್ಕೆ ಶಾಸ್ತ್ರದ ಚೌಕಟ್ಟು ಕೊಟ್ಟರು. ವಿಜಯನಗರದ ಕಾಲದ ವ್ಯಾಸತೀರ್ಥರು, ಮನೆಮನೆಯಲ್ಲಿ ಹಾಡುವ ದೇವರನಾಮಗಳನ್ನು ಕನ್ನಡದಲ್ಲಿ ಕಟ್ಟಿದ ಅದೇ ವ್ಯಾಸರಾಯರು, 'ತರ್ಕತಾಂಡವ'ವನ್ನು ಈ ಪ್ರಾಮಾಣ್ಯದ ಚರ್ಚೆಯಿಂದಲೇ ಆರಂಭಿಸಿ ನವ್ಯನೈಯಾಯಿಕರನ್ನು ಒಂದೊಂದು ಹೆಜ್ಜೆಗೂ ಎದುರಿಸಿದರು. ಮಧ್ವರ ಅನುಯಾಯಿಗಳಾದ ದ್ವೈತಿಗಳ ನಿಲುವಿನಲ್ಲಿ ಪರೀಕ್ಷೆಗೆ ಜಾಗವಿದೆ, ಆದರೆ ಅದು ಪ್ರಾಮಾಣ್ಯವನ್ನು ಹುಟ್ಟಿಸುವುದಿಲ್ಲ. ದೋಷದ ಶಂಕೆ ಸಾಕ್ಷಿಯ ದಾರಿಗೆ ಅಡ್ಡ ಬಂದಾಗ ಪರೀಕ್ಷೆ ಆ ಅಡ್ಡಿಯನ್ನು ತೆಗೆಯುತ್ತದೆ, ಗ್ರಹಿಸುವುದು ಸಾಕ್ಷಿಯೇ. ಪರೀಕ್ಷೆಗಳ ಸರಪಳಿ ನಿಲ್ಲುವುದು ಸುಖದುಃಖದಂಥ, ಸಾಕ್ಷಿಗೆ ನೇರವಾಗಿ ಗೋಚರಿಸುವ ಅನುಭವದಲ್ಲಿ. ಬಾಯಾರಿಕೆ ಹಿಂಗಿತೋ ಇಲ್ಲವೋ ಎಂದು ಸಂಶಯಪಡುವವರಿಲ್ಲ.

ಮೂರು ನಿಲುವುಗಳಲ್ಲಿ ವರ್ಕ್‌ಶಾಪಿನ ನಡವಳಿಕೆಗೆ ಹೆಚ್ಚು ಹತ್ತಿರದ್ದು ಇದೇ. ಒಳ್ಳೆಯ ಮೆಕ್ಯಾನಿಕ್ ಗೇಜನ್ನು ನಂಬಿಯೇ ಗಾಡಿ ಓಡಿಸುತ್ತಾನೆ, ಅದು ಕುಮಾರಿಲನ ದಾರಿ. ಕಾರಣವಿದ್ದಾಗ ಮಾತ್ರ ಸಂಶಯಪಡುತ್ತಾನೆ, ಸಂಶಯದ ಜಾಗವನ್ನು ಗೌತಮನ ತಕ್ಕಡಿಯಂತೆ ತೂಗಿ ನೋಡುತ್ತಾನೆ. ಆದರೆ ಸ್ಕ್ರೂ ಉಜ್ಜಿ ಬಿಗಿದ ಮೇಲೆ ಗೇಜಿಗೆ ಹೊಸದಾಗಿ ಪ್ರಾಮಾಣ್ಯ ತುಂಬಿದೆ ಎಂದು ಅವನು ಭಾವಿಸುವುದಿಲ್ಲ. ಅಡ್ಡಿ ಹೋಯಿತು, ಇನ್ನು ಎಂದಿನಂತೆ ನಂಬಬಹುದು ಎಂದುಕೊಳ್ಳುತ್ತಾನೆ. ಸಾಕ್ಷಿಯ ಸಿದ್ಧಾಂತ ಎಲ್ಲ ಪ್ರಶ್ನೆಗಳನ್ನೂ ಬಗೆಹರಿಸಿದೆ ಎಂದಲ್ಲ. ಸಾಕ್ಷಿಯೇ ಎಲ್ಲರಲ್ಲೂ ಇರುವ ಸಮಾನ ಮೂಲವಾಗಿರುವಾಗ ಅದರ ಸ್ವಂತ ನಿರ್ದೋಷತೆಯನ್ನು ಒಪ್ಪುವುದು ಹೇಗೆ ಎಂಬುದು ಅದ್ವೈತಿಗಳೂ ನೈಯಾಯಿಕರೂ ಕೇಳಬಹುದಾದ ಪ್ರಶ್ನೆ. ದ್ವೈತಿಗಳ ಉತ್ತರ, ಸಾಕ್ಷಿಯನ್ನೂ ಸಂಶಯಿಸಿದರೆ ಸಂಶಯಿಸುವುದಕ್ಕೇ ನೆಲೆ ಉಳಿಯದು ಎಂಬುದು, ಬಲವಾದದ್ದು. ಎದುರಾಳಿಯನ್ನು ಸುಮ್ಮನಾಗಿಸುವಷ್ಟು ಬಲವೇ ಎಂಬುದರ ಚರ್ಚೆ ಮುಗಿದಿಲ್ಲ.

ಬೆಂಗಳೂರಿನ ಪೂರ್ಣಪ್ರಜ್ಞ ವಿದ್ಯಾಪೀಠದಂಥ ಕಡೆಗಳಲ್ಲಿ, ಮೈಸೂರಿನ, ಮೇಲುಕೋಟೆಯ ಸಂಸ್ಕೃತ ಪಾಠಶಾಲೆಗಳ ಪರಂಪರೆಯಲ್ಲಿ ಶಾಸ್ತ್ರವನ್ನು ಗುರುಮುಖದಿಂದ ಕಲಿಸುವವರು ಇನ್ನೂ ಇದ್ದಾರೆ. ಕಪ್ಪೆಚಿಪ್ಪು, ಹಳದಿ ಶಂಖ, ಬಿಸಿಲ್ಗುದುರೆ ಆ ಕಾಲದವರು ತಮ್ಮ ಸುತ್ತ ಕಂಡು ಆರಿಸಿಕೊಂಡ ಉದಾಹರಣೆಗಳು. ಇಂದಿನ ವಿದ್ಯಾರ್ಥಿಯ ಸುತ್ತ ಗೇಜು, ಸೆನ್ಸರು, ಪರದೆಗಳಿವೆ, ಅವುಗಳ ಹಿಂದೆ ಕಣ್ಣಿಗೆ ಬೀಳದ ಸಮಾನ ಮೂಲಗಳಿವೆ. ಪ್ರಾಮಾಣ್ಯವಾದದ ಪಾಠದಲ್ಲಿ ಏರೋಪೆರು ವಿಮಾನದ ಟವರಿಗೂ ಸ್ಮಿತ್ಸ್ ಡಬ್ಬಿಯ ಸ್ಕ್ರೂಗೂ ಜಾಗ ಕೊಡಿ ಎಂದು ಆ ಅಧ್ಯಾಪಕರಲ್ಲಿ ವಿನಂತಿ. ಶಿಷ್ಯರ ಕೈಗೆ ಒಂದು ಮಲ್ಟಿಮೀಟರನ್ನೂ ಕೊಡಿ. 'ತರ್ಕತಾಂಡವ'ದ ಮೊದಲ ಭಾಗವನ್ನು ಅವರು ಇನ್ನಷ್ಟು ಚೆನ್ನಾಗಿ ಓದುತ್ತಾರೆ.